ಅಡುಗೆಮನೆ ಇಲ್ಲದ ಹೋಟೆಲು

ನಾನು ಹಾಕಿದ ಯೋಜನೆ ಹಾಕಿದ ಹಾಗೇ ನಡೆದದ್ದು ನನ್ನ ನೆನಪಿನಲ್ಲಿ ಇಲ್ಲ. ಬೇರೆ ಯಾರಾದರೂ ಹೀಗೆ ಹೇಳಿಕೊಂಡರೆ ಅಯ್ಯೋ ಪಾಪ ಅನ್ನಬಹುದು. ನನ್ನ ವಿಷಯದಲ್ಲಿ ಅದಕ್ಕೂ ಅವಕಾಶವಿಲ್ಲ, ಏಕೆಂದರೆ ಫ್ರಾಂಕ್‌ಫರ್ಟಿನಲ್ಲಿ ನನಗೆ ಸಂಬಳ ಕೊಡುವುದೇ ಯೋಜನೆ ಹಾಕುವುದಕ್ಕೆ. ಯಾವುದೋ ಬ್ಯಾಂಕಿನ ಸಾಫ್ಟ್‌ವೇರು ಯಾವ ವಾರ ಎಲ್ಲಿಗೆ ಬಂದು ನಿಂತಿರಬೇಕು ಅಂತ ಪರದೆಯ ಮೇಲೆ ಬಣ್ಣಬಣ್ಣದ ಗೆರೆ ಎಳೆದು ತೋರಿಸುತ್ತೇನೆ, ಜರ್ಮನ್ನರು ತಲೆದೂಗುತ್ತಾರೆ. ಮನೆಗೆ ಬಂದರೆ ಶನಿವಾರ ತರಕಾರಿ ತರುವ ಯೋಜನೆಯೂ ಕೈ ಕೊಡುತ್ತದೆ. ಸ್ಪೇನಿನ ಒಂದು ಸಣ್ಣ ಹೋಟೆಲಿನಲ್ಲಿ ನಾಲ್ಕು ದಿನ ಇದ್ದು ಬರುವುದಕ್ಕೆ ನಾನು ಪಟ್ಟ ಪಾಡನ್ನು ಇಲ್ಲಿ ಹೇಳುತ್ತಿದ್ದೇನೆ. ಸಂಕೋಚವಿಲ್ಲದೆ ನಗಿ. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ಬೇಡಿಕೆ

ನಮ್ಮ ರಜೆಗಳೆಲ್ಲ ಒಂದೇ ಥರ. ಎರಡು ಮೂರು ಕನ್ನಡದ ಸಂಸಾರಗಳು ಸೇರಿ ಆಸ್ಟ್ರಿಯಾದಲ್ಲೋ ಇಟಲಿಯಲ್ಲೋ ಒಂದು ಫೆರಿಯನ್‌ವೋನುಂಗ್ ಹಿಡಿಯುತ್ತೇವೆ. ಅಂದರೆ ರಜೆಗೆಂದು ಬಾಡಿಗೆಗೆ ಸಿಗುವ, ಅಡುಗೆಮನೆ ಇರುವ ಮನೆ. ಕಾರಿನ ಡಿಕ್ಕಿಯಲ್ಲಿ ಬಟ್ಟೆಗಿಂತ ಮೊದಲು ಕುಕ್ಕರಿಗೆ ಜಾಗ. ಹೋಗಿ ತಲುಪಿದ ಮೇಲೆ ಗಂಡಸರು ಬಾಲ್ಕನಿಯಲ್ಲಿ ನಿಂತು ಬೆಟ್ಟ ನೋಡಿ ಆಹಾ ಅನ್ನುತ್ತೇವೆ. ನನ್ನ ಹೆಂಡತಿ ಅದೇ ಬೆಟ್ಟಕ್ಕೆ ಬೆನ್ನು ಹಾಕಿ ನಿಂತು ಒಗ್ಗರಣೆ ಹಾಕುತ್ತಾಳೆ. ಅವಳ ಕೈರುಚಿ ಚೆನ್ನಾಗಿದೆ ಎಂಬ ಕಾರಣಕ್ಕೆ ಎಲ್ಲರ ಪಾಲಿನ ಅಡುಗೆಯೂ ಅವಳ ತಲೆಗೇ ಬರುತ್ತದೆ. ಅವಳನ್ನು ಎಲ್ಲರೆದುರು ಹೊಗಳಿ ಈ ಪರಿಸ್ಥಿತಿ ತಂದಿಟ್ಟವನು ನಾನೇ.

ಈ ವರ್ಷ ಅವಳು ಮೊದಲೇ ಕೂರಿಸಿಕೊಂಡು ಹೇಳಿದಳು. "ರೀ, ನಮ್ಮ ಮದುವೆ ದಿನ ಈ ಸಲ ಸ್ಕೂಲ್ ರಜೆಯಲ್ಲೇ ಬರುತ್ತೆ. ನನಗೆ ಒಡವೆ ಬೇಡ, ಸೀರೆ ಬೇಡ. ಅಡುಗೆಮನೆ ಇಲ್ಲದ ಒಂದು ಹೋಟೆಲ್ ಸಾಕು. ದೊಡ್ಡದೂ ಬೇಡ. ಬೆಳಿಗ್ಗೆ ಎದ್ದು ಇನ್ಯಾರೋ ಮಾಡಿದ ಕಾಫಿ ಕುಡೀಬೇಕು. ನೀವು, ನಾನು, ಮಗಳು. ಬೇರೆ ಯಾರೂ ಬೇಡ."

ಇಷ್ಟು ಸಣ್ಣ ಆಸೆಯನ್ನು ಅವಳು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳಲ್ಲ ಅಂತ ನನಗೆ ನಿಜವಾಗಿ ಕಸಿವಿಸಿಯಾಯಿತು. ಆಯಿತು, ಇದೊಂದನ್ನು ನಾನು ಮಾಡಿಯೇ ತೀರುತ್ತೇನೆ ಎಂದು ಮಾತು ಕೊಟ್ಟು ತಕ್ಷಣ ಲ್ಯಾಪ್‌ಟಾಪ್ ತೆಗೆದೆ. ಊರು ಸ್ಪೇನಿನ ವಲೆನ್ಸಿಯಾ ಎಂದು ಹಾಕಿದೆ. ಏನೇನು ಸೌಕರ್ಯ ಬೇಕು ಎಂದು ಬುಕಿಂಗ್ ಸೈಟು ಕೇಳಿತು. ನನ್ನ ಬೆರಳು ತಾನಾಗಿಯೇ ಹೋಗಿ ಮೊದಲು ಗುರುತು ಹಾಕಿದ್ದು ಅಡುಗೆಮನೆಗೆ.

ಪಕ್ಕದಲ್ಲಿ ಕೂತಿದ್ದ ಮಗಳು "ಪಾಪಾ, ಶಿ ಸೆಡ್ ನೋ ಕಿಚನ್" ಎಂದಳು. ಹೆಂಡತಿ ತಿರುಗಿಯೂ ನೋಡಲಿಲ್ಲ. "ಬಿಡು ಪುಟ್ಟಿ, ಅವರ ಕೈಗೆ ಅಭ್ಯಾಸ. ಅಡುಗೆಮನೆ ಹುಡುಕೋದಷ್ಟೇ ಅವರ ಕೆಲಸ, ಒಳಗೆ ಅವರು ಯಾವತ್ತೂ ಹೋಗಿಲ್ಲ."

ಓದಿದ್ದೇ ಓದಿದ್ದು

ಹೋಟೆಲುಗಳ ಬಗ್ಗೆ ಉಳಿದುಬಂದವರು ಬರೆದ ಅಭಿಪ್ರಾಯಗಳನ್ನು ಓದುವುದು ಒಂದು ಚಟ ಎಂದು ನನಗೆ ಗೊತ್ತಿರಲಿಲ್ಲ. ಟ್ರಾಮಿನಲ್ಲಿ ಓದಿದೆ, ಕ್ಯಾಂಟೀನಿನಲ್ಲಿ ಓದಿದೆ. ಹೊಗಳಿದ್ದನ್ನು ಬಿಟ್ಟು ಬೈದದ್ದನ್ನು ಮಾತ್ರ ಓದಿದೆ. ಒಬ್ಬ ಜರ್ಮನ್ ಗೃಹಸ್ಥ, ಬೆಳಗಿನ ಬಿಸಿಲು ಹೇಳದೆ ಕೇಳದೆ ಕೋಣೆಯೊಳಗೆ ಬರುತ್ತದೆ ಎಂದು ದೂರಿದ್ದ. ಇನ್ನೊಬ್ಬಾಕೆಗೆ ಸ್ಪೇನಿನವರು ತಮ್ಮತಮ್ಮಲ್ಲೇ ಸ್ಪ್ಯಾನಿಷ್ ಮಾತಾಡಿಕೊಂಡದ್ದು ಸರಿಬಂದಿರಲಿಲ್ಲ. ಬೆಂಗಳೂರಿನ ಒಬ್ಬರು, ಬಚ್ಚಲಿನಲ್ಲಿ ಮಗ್ಗು ಇಲ್ಲ, ತಿಂಡಿಗೆ ಬರೀ ಬ್ರೆಡ್ಡು, ರೂಮಿನಲ್ಲಿ ತಿರುಗಾಡಲು ಜಾಗವಿಲ್ಲ, ಆದರೆ ರಿಸೆಪ್ಷನ್ನಿನ ಹೆಂಗಸು ಊಟ ಆಯಿತಾ ಎಂದು ಕೇಳಿದರು, ಆದ್ದರಿಂದ ಐದು ನಕ್ಷತ್ರ ಎಂದು ಬರೆದಿದ್ದರು. ನಮ್ಮವರಲ್ಲವೇ. ಆ ಹೋಟೆಲೇ ಗಟ್ಟಿ ಎಂದು ತೀರ್ಮಾನಿಸಿದೆ.

ತೀರ್ಮಾನಿಸಿದ ಮೇಲೂ ಓದು ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನ್ ಇಟ್ಟುಕೊಂಡು ಓದುತ್ತಿದ್ದೆ. ಬಾಸ್ ನನ್ನ ಹೆಸರು ಹಿಡಿದು, ಬ್ಯಾಂಕಿನ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರು. ನಾನು ತಲೆಯೆತ್ತಿ ಹೇಳಿದೆ: "ಜಾಗ ಚೆನ್ನಾಗಿದೆ. ಆದರೆ ಬೀದಿ ಕಡೆ ಗಲಾಟೆ ಜಾಸ್ತಿ, ಲಿಫ್ಟೂ ಬಹಳ ಸಣ್ಣದು."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪಕ್ಕದ ಜರ್ಮನ್ ಸಹೋದ್ಯೋಗಿ ಮಾತ್ರ ಗಂಭೀರವಾಗಿ ಅದನ್ನು ಬರೆದುಕೊಂಡು, ಲಿಫ್ಟಿನ ಜವಾಬ್ದಾರಿ ನಮ್ಮ ತಂಡದ್ದೋ ಬ್ಯಾಂಕಿನದ್ದೋ ಎಂದು ಕೇಳಿದ.

ಗುಳಿಕ ಕಾಲ

ಭಾನುವಾರ ಮಧ್ಯಾಹ್ನ ಬುಕ್ ಮಾಡಲು ಕೂತೆ. ಅದೇ ಹೊತ್ತಿಗೆ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್ ಬಂತು. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾತಕದಲ್ಲಿ ಇಲ್ಲ, ಹೇಳಿಬಿಟ್ಟೆ.

"ಸಂಜೆ ರಾಹುಕಾಲ ಕಣೋ ಇವತ್ತು" ಎಂದರು ಅಮ್ಮ.

"ಅಮ್ಮಾ, ಯಾವ ಊರಿನ ಸಂಜೆ? ನಿನ್ನದಾ, ನನ್ನದಾ, ಸ್ಪೇನಿನದಾ?"

"ದುಡ್ಡು ಹೋಗೋದು ಎಲ್ಲಿಂದ? ನಿನ್ನ ಕೈಯಿಂದ ತಾನೆ? ನಿನ್ನ ಕೈ ಎಲ್ಲಿದೆಯೋ ಅಲ್ಲಿಯ ಸೂರ್ಯ." ಅಮ್ಮ ಈ ವಿಷಯದಲ್ಲಿ ತಡವರಿಸುವವರಲ್ಲ. "ರಾಹುಕಾಲಕ್ಕೆ ಮುಂಚೆ ಗುಳಿಕ ಕಾಲ ಬರುತ್ತಲ್ಲ, ಆಗ ಮಾಡು. ಗುಳಿಕ ಕಾಲದಲ್ಲಿ ಮಾಡಿದ್ದು ಮತ್ತೆ ಮತ್ತೆ ಆಗುತ್ತೆ. ನಾವು ಚಿನ್ನ ತಗೊಳ್ಳೋದು ಆಗಲೇ."

ಹೆಂಡತಿ ವರ್ಷ ವರ್ಷವೂ ಹೋಟೆಲಿನ ಕಾಫಿ ಕುಡಿಯುವಂತಾದರೆ ಆಗಲಿ ಎಂದು ನಾನೂ ಗುಳಿಕ ಕಾಲಕ್ಕೆ ಕಾದು ಕೂತೆ. ಕಾದು ಕಾದು ಕಣ್ಣು ಹತ್ತಿತು. ಎಚ್ಚರವಾದಾಗ ರಾಹು ಬಾಗಿಲಿಗೇ ಬಂದುಬಿಟ್ಟಿದ್ದ. ಗಡಬಡಿಸಿ ಬಟನ್ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ಇನ್ನೇನು ರಾಹು ಒಳಗೆ ಕಾಲಿಡುತ್ತಾನೆ ಎಂದು ಹೆದರಿ ಇನ್ನೊಂದು ಸಲ ಒತ್ತಿದೆ.

ಎರಡು ಇಮೇಲ್ ಬಂದವು. ಎರಡರಲ್ಲೂ ಅದೇ ಹೋಟೆಲು, ಅದೇ ದಿನಗಳು, ಬೇರೆ ಬೇರೆ ರೂಮು. ರದ್ದು ಮಾಡಿದರೆ ಹಣ ವಾಪಸ್ ಇಲ್ಲ ಎಂಬ ಸಾಲೂ ಎರಡರಲ್ಲೂ ಇತ್ತು.

ಅಮ್ಮನಿಗೆ ಫೋನ್ ಮಾಡಿ ಅಳುವ ದನಿಯಲ್ಲಿ ಹೇಳಿದೆ. ಅಮ್ಮನಿಗೆ ಖುಷಿಯಾಯಿತು. "ನಾನು ಹೇಳಲಿಲ್ವಾ, ಗುಳಿಕ ಕಾಲ ಯಾವತ್ತೂ ಸುಳ್ಳಾಗಲ್ಲ."

ತೊಂದರೆ ಕೊಡುವ ನೆಂಟ

ಹೋಟೆಲಿಗೆ ಫೋನ್ ಮಾಡಿದೆ. ಊಟ ಆಯಿತಾ ಎಂದು ಕೇಳುವ ಆ ಹೆಂಗಸೇ ತೆಗೆದುಕೊಂಡರು. ಅವರದು ಅಳೆದು ಸುರಿದ ಇಂಗ್ಲಿಷು. ಒಂದೇ ಸಂಸಾರ, ಎರಡು ರೂಮು ಏಕೆ ಬುಕ್ ಮಾಡಿದಿರಿ ಎಂದು ಕೇಳಿದರು. ತಪ್ಪಿ ಎರಡು ಸಲ ಒತ್ತಿದೆ ಎಂದಿದ್ದರೆ ಮುಗಿಯುತ್ತಿತ್ತು. ನಾನು ಪ್ರಾಮಾಣಿಕನಾಗಲು ಹೋದೆ.

"ನಮ್ಮಲ್ಲಿ ರಾಹು ಅಂತ ಇದ್ದಾನೆ ಮೇಡಂ. ದಿನಾ ಸ್ವಲ್ಪ ಹೊತ್ತು ಬರುತ್ತಾನೆ. ಅವನು ಇರುವಾಗ ನಾವು ಯಾವ ಒಳ್ಳೆಯ ಕೆಲಸವನ್ನೂ ಶುರು ಮಾಡುವುದಿಲ್ಲ. ಅವನು ಬರುವುದರೊಳಗೆ ಮುಗಿಸೋಣ ಅಂತ ಅವಸರ ಮಾಡಿದೆ."

ಅವರು ಬಹಳ ಮರುಕದಿಂದ ಹೇಳಿದರು: "ಅರ್ಥವಾಯಿತು ಸರ್. ನನ್ನ ಗಂಡನ ತಮ್ಮನೂ ಹಾಗೇ."

ಆದರೂ ಹಣ ವಾಪಸ್ ಬರಲಿಲ್ಲ. ನಿಯಮ ಮಾಲೀಕರದಂತೆ. ಬೇಕಾದರೆ ಎರಡನೇ ರೂಮಿಗೆ ಯಾರನ್ನಾದರೂ ಕರೆದುಕೊಂಡು ಬನ್ನಿ, ರಾಹು ಅವರೊಬ್ಬರನ್ನು ಬಿಟ್ಟು, ಎಂದರು.

ಬಾಯಿಗೆ ಬಂದ ಸುಳ್ಳು

ಖಾಲಿ ರೂಮು ಇದೆ ಎಂದು ಗೊತ್ತಾದರೆ ನಮ್ಮ ಬಳಗದಲ್ಲಿ ಯಾರಾದರೂ ನಾವೂ ಬರ್ತೀವಿ ಅಂದೇ ಅನ್ನುತ್ತಾರೆ. ನನಗೆ ಇಲ್ಲ ಅನ್ನಲು ಬರುವುದಿಲ್ಲ. ಹಾಗಾದರೆ ಹೆಂಡತಿಗೆ ಕೊಟ್ಟ ಮಾತು ಹೋಯಿತು. ಆದ್ದರಿಂದ ಬಾಯಿಗೆ ಬೀಗ ಹಾಕಿಕೊಂಡೆ.

ಸ್ನೇಹಿತರೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಅಲ್ಲಿ ಹುಬ್ಬಳ್ಳಿಯ ಎಂಜಿನಿಯರು ಸಿಕ್ಕರು. ಕಾರಿನ ಕಂಪನಿಯಲ್ಲಿ ಕೆಲಸ, ಎತ್ತರದ ಆಳು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮನಸ್ಸು. ಸಪಾದ ಭಕ್ಷ್ಯದ ದೊನ್ನೆ ಹಿಡಿದುಕೊಂಡೇ ಕೇಳಿದರು: "ಏನ್ರೀ ಸಾಹೇಬ್ರ, ಈ ಸರ್ತಿ ಸೂಟಿಗೆ ಎಲ್ಲಿ ಹೊಂಟೀರಿ?"

ಹೆಂಡತಿ ದೂರದಿಂದ ಕಣ್ಣು ಬಿಟ್ಟಳು. "ಎಲ್ಲೂ ಇಲ್ಲ ಸಾರ್. ಮನೆಗೆ ಬಣ್ಣ ಹೊಡೀಬೇಕು" ಎಂದೆ. ಎಲ್ಲಿಂದ ಬಂತೋ ಆ ಸುಳ್ಳು ನನಗೆ ಇವತ್ತಿಗೂ ಗೊತ್ತಿಲ್ಲ.

"ಒಬ್ರ ಹೊಡೀತೀರೇನು? ಛೇ ಛೇ" ಎಂದರು ಅವರು.

ಮುಂದಿನ ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅವರೇ ನಿಂತಿದ್ದಾರೆ. ಹೆಗಲ ಮೇಲೆ ಏಣಿ, ಕೈಯಲ್ಲಿ ರೋಲರು. ಹಿಂದೆ ಅವರ ಹೆಂಡತಿ ದೊಡ್ಡ ಊಟದ ಡಬ್ಬಿಗಳ ಸಮೇತ, ಅವರ ಹಿಂದೆ ನಮ್ಮ ಮಗಳ ವಯಸ್ಸಿನವಳೇ ಆದ ಮಗಳು. ಎಂಜಿನಿಯರು ಒಳಗೆ ಬಂದು ಗೋಡೆಗಳನ್ನು ನೋಡಿದರು. "ಗ್ವಾಡಿ ಛಲೋ ಅದಾವಲ್ರೀ?" ಎಂದರು.

"ನೋಡೋಕೆ ಹಾಗೆ ಕಾಣುತ್ತೆ ಸಾರ್."

"ಬಣ್ಣ ಎಲ್ಲೈತ್ರೀ?"

ಬಣ್ಣ ಎಲ್ಲಿರುತ್ತದೆ? ಇಬ್ಬರೂ ಅಂಗಡಿಗೆ ಹೋಗಿ ತಂದೆವು. ದಿನವಿಡೀ ಹೊಡೆದೆವು. ಅಂದರೆ ಅವರು ಹೊಡೆದರು, ನಾನು ಏಣಿ ಹಿಡಿದೆ. ಮಧ್ಯಾಹ್ನ ಅವರ ಹೆಂಡತಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಿಚ್ಚಿಟ್ಟು, ಒಲೆ ಹಚ್ಚಲು ಹೋದ ನನ್ನ ಹೆಂಡತಿಯ ಕೈ ಹಿಡಿದು ಕೂರಿಸಿ, ಅವಳಿಗೇ ಮೊದಲು ಬಡಿಸಿದರು. ನನ್ನ ಹೆಂಡತಿ ತಲೆ ತಗ್ಗಿಸಿಕೊಂಡು ಉಂಡಳು.

ಸಂಜೆಗೆ ಕೆಲಸ ಮುಗಿಯಿತು. ಎಂಜಿನಿಯರು ದೂರ ನಿಂತು ಗೋಡೆ ನೋಡಿ ಹೇಳಿದರು: "ನೋಡ್ರೀ, ಸೂಟಿ ಪೂರಾ ಮಾಡೂ ಕೆಲಸ ಒಂದ ದಿನದಾಗ ಮುಗೀತು. ಈಗ ಸೂಟಿಯೊಳಗ ಏನ್ ಮಾಡಾವ್ರು?"

ನಾನು ಯೋಚಿಸದೆ ಅಂದೆ: "ನೆಲಮಾಳಿಗೆಯ ಕೆಲ್ಲರ್ ಕ್ಲೀನ್ ಮಾಡಬೇಕು ಸಾರ್, ಹಳೇ ಸಾಮಾನು ತುಂಬಿದೆ."

ಅವರು ರೋಲರು ಕೆಳಗಿಟ್ಟು ಕೈ ಚಾಚಿದರು. "ಕೀಲಿ ಕೊಡ್ರಿ."

ವಿಮಾನ ನಿಲ್ದಾಣ

ಕೊನೆಗೂ ಹೊರಡುವ ದಿನ ಬಂತು. ಮನೆಗೆ ಬಣ್ಣವಾಗಿತ್ತು, ಕೆಲ್ಲರ್ ಕನ್ನಡಿಯ ಹಾಗಿತ್ತು, ಕುಕ್ಕರು ಅಟ್ಟದಲ್ಲಿತ್ತು. ವಿಮಾನ ಹತ್ತುವ ಗೇಟಿನ ಹತ್ತಿರ ಕುತ್ತಿಗೆಗೆ ಗಾಳಿದಿಂಬು ಸಿಕ್ಕಿಸಿಕೊಂಡು ಹಾಯಾಗಿ ಕೂತಿದ್ದೆ. ಎದುರಿನಿಂದ ದೊಡ್ಡ ಮೀಸೆಯೊಂದು ನಡೆದುಕೊಂಡು ಬರುತ್ತಿರುವುದು ಕಂಡಿತು. ಹಿಂದೆ ಹೆಂಡತಿ, ಮಗಳು.

ನಾನು ಕಂಬದ ಹಿಂದೆ ಸರಿದೆ. ಮಗಳ ಕೈ ಹಿಡಿದು ಎಳೆದೆ, ಅವಳು ಬಿಡಿಸಿಕೊಂಡು ಆ ಹುಡುಗಿಯ ಕಡೆಗೆ ಓಡಿದಳು. ಎಂಜಿನಿಯರು ಕಂಬವನ್ನು ಸುತ್ತಿ ಬಂದು ನನ್ನ ಮುಂದೆ ನಿಂತರು. "ಏನ್ ಸಾಹೇಬ್ರ, ಇಲ್ಲೆ?"

"ಯಾರನ್ನೋ ಬಿಡೋಕೆ ಬಂದಿದ್ದೆ ಸಾರ್."

ಅವರು ನನ್ನ ಕೈಯಲ್ಲಿದ್ದ ಬೋರ್ಡಿಂಗ್ ಪಾಸನ್ನೂ ಕುತ್ತಿಗೆಯ ದಿಂಬನ್ನೂ ನೋಡಿದರು. "ಭಾಳ ದೂರತನಕ ಬಿಡ್ತೀರಿ ಬಿಡ್ರಿ" ಎಂದರು.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಸಾಕು ಬನ್ನಿ ರೀ. ನಾನೇ ಕರೆದೆ ಅವರನ್ನ."

"ನೀನಾ? ಬೇರೆ ಯಾರೂ ಬೇಡ ಅಂದವಳು ನೀನೇ ಅಲ್ವಾ?"

"ಹೌದು. ಆದರೆ ನಿಮ್ಮ ಸುಳ್ಳಿಗೆ ಆ ಮನುಷ್ಯ ದಿನವಿಡೀ ಬಣ್ಣ ಹೊಡೆದ್ರು. ನನಗೆ ಅವತ್ತು ತುತ್ತು ಇಳೀಲಿಲ್ಲ, ಅವರ ಮನೆ ಅಕ್ಕನ ಹತ್ರ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ನಕ್ಕರು. ರೂಮು ಹೇಗೂ ಖಾಲಿ, ಬನ್ನಿ ಅಂದೆ." ಆಮೇಲೆ ದನಿ ಸ್ವಲ್ಪ ಇಳಿಸಿದಳು. "ನನ್ನನ್ನ ನನ್ನ ಮನೇಲೇ ಕೂರಿಸಿ ಬಡಿಸಿದವರು ಅವರು ರೀ. ನೀವು ಯಾವತ್ತಾದ್ರೂ ಬಡಿಸಿದ್ದೀರಾ?"

ನಾಚಿಕೆಯಾಯಿತು. ಅವಳ ಆಸೆಯನ್ನು ಕಾಪಾಡಲು ಇಷ್ಟೆಲ್ಲ ಸರ್ಕಸ್ ಮಾಡಿದ ನಾನು, ಒಂದು ದಿನ ಅವಳ ತಟ್ಟೆಗೆ ಅನ್ನ ಹಾಕಬಹುದು ಎಂದು ಯೋಚಿಸಿರಲಿಲ್ಲ.

ವಲೆನ್ಸಿಯಾದ ಹೋಟೆಲಿಗೆ ಹೋಗಿ ಇಳಿದಾಗ ರಿಸೆಪ್ಷನ್ನಿನ ಹೆಂಗಸು ಎಲ್ಲರನ್ನೂ ಊಟ ಆಯಿತಾ ಎಂದು ವಿಚಾರಿಸಿದರು. ಕೀಲಿ ಕೊಡುವಾಗ ಮೀಸೆಯ ಕಡೆಗೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು: "ಇವರೇನಾ ರಾಹು?"

ಮದುವೆಯ ದಿನ

ಹುಡುಗಿಯರು ಒಟ್ಟಿಗೇ ಮಲಗಬೇಕು ಎಂದು ಹಟ ಹಿಡಿದರು. ತಾಯಂದಿರು ಅವರ ಜೊತೆ ಇರಬೇಕು ಎಂದಾಯಿತು. ಪ್ರತಿ ರೂಮಿನಲ್ಲೂ ಒಂದು ದೊಡ್ಡ ಮಂಚ, ಮಗುವಿಗೆ ಒಂದು ಸಣ್ಣ ಮಂಚ. ನಮ್ಮ ಕಡೆಯ ಸಣ್ಣ ಮಂಚವನ್ನೂ ಹೆಂಗಸರು ಆ ಕಡೆ ದೂಡಿಕೊಂಡು ಹೋದರು. ಉಳಿದದ್ದು ಒಂದು ದೊಡ್ಡ ಮಂಚ, ಒಂದು ಹೊದಿಕೆ, ನಾನು ಮತ್ತು ಎಂಜಿನಿಯರು.

ಅವರು ಫೋನಿನಲ್ಲಿ ದಿಕ್ಕು ನೋಡಿದರು. "ತಲಿ ಉತ್ತರಕ್ಕ ಬರ್ತೈತ್ರೀ. ಬ್ಯಾಡ್ರಿ, ಛಲೋ ಅಲ್ಲ."

ಮಂಚ ತಿರುಗಿಸೋಣವೆಂದರೆ ಅದನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಕಡೆಗೆ ದಿಂಬುಗಳನ್ನು ಕಾಲುದೆಸೆಗೆ ಎಳೆದುಕೊಂಡು, ಗೋಡೆಯ ದೀಪದ ಕಡೆ ಕಾಲು ಚಾಚಿ, ಉಲ್ಟಾ ಮಲಗಿದೆವು.

ಬೆಳಿಗ್ಗೆ ರೂಮು ಗುಡಿಸುವ ಹೆಂಗಸು ಒಳಗೆ ಯಾರೂ ಇಲ್ಲವೆಂದು ತಿಳಿದು ಬಾಗಿಲು ತೆಗೆದರು. ಒಂದೇ ಹೊದಿಕೆಯೊಳಗೆ ತಲೆಕೆಳಗಾಗಿ ಮಲಗಿದ್ದ ಇಬ್ಬರು ಗಂಡಸರು, ನನ್ನ ಎದೆಯ ಮೇಲೆ ಎಂಜಿನಿಯರ ಭಾರವಾದ ಕೈ. ನಾನು ಒಂದು ಕಣ್ಣು ತೆರೆದು ನೋಡಿದೆ. ಅವರು ತುಂಬ ಪ್ರೀತಿಯಿಂದ ನಕ್ಕು, ಕ್ಷಮೆ ಕೇಳಿ, ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡರು. ತೊಂದರೆ ಕೊಡಬೇಡಿ ಎನ್ನುವ ಚೀಟಿಯನ್ನು ಹೊರಗಡೆ ತಾವೇ ನೇತುಹಾಕಿ ಹೋದರು.

ಸಂಜೆ ಬಂದು ನೋಡಿದರೆ ಮಂಚದ ಮೇಲೆ ಟವೆಲಿನಿಂದ ಮಾಡಿದ ಎರಡು ಹಂಸಗಳು, ಕೊಕ್ಕಿಗೆ ಕೊಕ್ಕು ಸೇರಿಸಿ ಕೂತಿವೆ. ಸುತ್ತ ಗುಲಾಬಿ ದಳ. ಎರಡು ಚಾಕಲೇಟು. ದಿಂಬುಗಳು ನಮ್ಮ ಅನುಕೂಲಕ್ಕೆ ತಕ್ಕಂತೆ ಕಾಲುದೆಸೆಯಲ್ಲೇ ಇದ್ದವು. ಪಕ್ಕದ ರೂಮಿನ ಹೆಂಗಸರಿಗೆ ಬರೀ ಮಡಚಿಟ್ಟ ಟವೆಲು.

ಎಂಜಿನಿಯರು ಹಂಸಗಳನ್ನು ನೋಡಿ ಕರಗಿಹೋದರು. "ಭಾಳ ಛಲೋ ಹೋಟೆಲ್ರೀ. ಗಂಡಸರಿಗೂ ಇಷ್ಟು ಮರ್ಯಾದಿ ಕೊಡೂದು ನಾ ಎಲ್ಲೂ ನೋಡಿಲ್ಲ." ಖುಷಿ ತಡೆಯಲಾರದೆ ಕೆಳಗೆ ಹೋಗಿ ರಿಸೆಪ್ಷನ್ನಿನಲ್ಲಿ ಥ್ಯಾಂಕ್ಸ್ ಹೇಳಿ, ನಾಳೆ ಸಾಹೇಬರ ಮದುವೆಯಾದ ದಿನ ಎಂಬ ವಿಷಯವನ್ನೂ ತಿಳಿಸಿ ಬಂದರು.

ಮರುದಿನ ತಿಂಡಿಯ ಹಾಲ್‌ನಲ್ಲಿ ನನ್ನ ಹೆಂಡತಿ ಕಿಟಕಿಯ ಪಕ್ಕದ ಮೇಜಿನಲ್ಲಿ ಎಂಜಿನಿಯರ ಹೆಂಡತಿಯ ಜೊತೆ ಕೂತಿದ್ದಳು. ಇನ್ಯಾರೋ ಮಾಡಿದ ಕಾಫಿ ಅವಳ ಮುಂದಿತ್ತು, ಬೆಳಗಿನ ಬಿಸಿಲು ಹೇಳದೆ ಕೇಳದೆ ಅವಳ ಮುಖದ ಮೇಲೆ ಬಿದ್ದಿತ್ತು. ಇಷ್ಟು ನೆಮ್ಮದಿಯಾಗಿ ಅವಳು ಕೂತದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ಇವತ್ತಾದರೂ ಅವಳ ಪಕ್ಕ ಹೋಗಿ ಕೂರೋಣ ಎಂದು ಎಂಜಿನಿಯರ ಎದುರಿನಿಂದ ಏಳುತ್ತಿದ್ದೆ. ಅಷ್ಟರಲ್ಲಿ ದೀಪ ಆರಿತು. ರಿಸೆಪ್ಷನ್ನಿನ ಹೆಂಗಸು, ರೂಮು ಗುಡಿಸುವ ಹೆಂಗಸು, ಅಡುಗೆಯವನು, ಮೂವರೂ ಹಾಡುತ್ತ ಮೇಣದಬತ್ತಿ ಹಚ್ಚಿದ ಕೇಕು ತಂದು, ನನ್ನ ಮತ್ತು ಎಂಜಿನಿಯರ ನಡುವೆ ಇಟ್ಟು, ಇಬ್ಬರ ಕೈಗೂ ಸೇರಿಸಿ ಒಂದು ಚಾಕು ಕೊಟ್ಟರು. ಹಾಲ್‌ನಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ನನ್ನ ಹೆಂಡತಿ.

ನಾನು ಅವಳ ಕಡೆಗೆ ನೋಡಿ, ಬಾ, ಬಂದು ಬಿಡಿಸು ಎಂದು ಸನ್ನೆ ಮಾಡಿದೆ. ಅವಳು ಕಾಫಿಯ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆರಾಮವಾಗಿ ಹೇಳಿದಳು: "ನೀವೇ ಕತ್ತರಿಸಿ ರೀ. ನಾನು ಈ ರಜೆಯಲ್ಲಿ ಚಾಕು ಮುಟ್ಟಲ್ಲ."

ಸರಿ, ಕತ್ತರಿಸಿದೆ. ದೊಡ್ಡದೊಂದು ತುಂಡನ್ನು ತಟ್ಟೆಗೆ ಹಾಕಿಕೊಂಡು, ಮದುವೆಯಾದ ಮೇಲೆ ಮೊದಲ ಸಲ, ನನ್ನ ಕೈಯಾರೆ ಬಡಿಸಲೆಂದು ಅವಳ ಮೇಜಿಗೆ ಹೋದೆ. ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಒಂದು ಕ್ಷಣ ಅವಳ ಕಣ್ಣು ತುಂಬಿದ ಹಾಗೆ ಕಂಡಿತು. ಆಮೇಲೆ ಹಾಲ್‌ನಲ್ಲಿ ಇನ್ನೂ ನಮ್ಮನ್ನೇ ನೋಡುತ್ತ ನಿಂತಿದ್ದವರ ಕಡೆ ಕಣ್ಣು ಹಾಯಿಸಿ, ತಟ್ಟೆಯನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿದಳು.

"ಅವರೆಲ್ಲ ನೋಡ್ತಿದ್ದಾರೆ ರೀ. ಮೊದಲು ನಿಮ್ಮ ಯಜಮಾನ್ರಿಗೆ ಬಡಿಸಿ ಬನ್ನಿ."